ಕೆರೆಯಂಗಳದ ಸೈಟು, ರಿಪೋರ್ಟಿನಲ್ಲಿ ಮೂರು ಬಗೆಯ ಬಲ: ಯಾವುದನ್ನು ನಂಬುವುದು?

ಪ್ರಶ್ನೆ: ಬೆಂಗಳೂರಿನ ಪೂರ್ವಕ್ಕೆ, ಹಿಂದೆ ಕೆರೆಯಂಗಳವಾಗಿತ್ತು ಎಂದು ಊರವರು ಹೇಳುವ ಕಡೆ ನಮ್ಮದೊಂದು 30×40 ಸೈಟಿದೆ. ಗ್ರೌಂಡ್ ಪ್ಲಸ್ ಎರಡು ಅಂತಸ್ತು ಕಟ್ಟುವ ಯೋಚನೆ. ಸಾಯಿಲ್ ಟೆಸ್ಟ್ ಮಾಡಿಸಿದ್ದೇವೆ. ಮೇಲಿನ 2 ಮೀಟರ್ ತುಂಬಿದ ಮಣ್ಣು, ಅಲ್ಲಿಂದ 6 ಮೀಟರಿನವರೆಗೆ ಕಪ್ಪು ಜೇಡಿ, 8 ಮೀಟರ್ ದಾಟಿದರೆ ಗಟ್ಟಿ. ನೀರು 2 ಮೀಟರಿಗೇ ಸಿಗುತ್ತದೆ. 3 ಮೀಟರಿನ ಸ್ಯಾಂಪಲ್ಲಿಗೆ ಯುಸಿಎಸ್ (ಮಣ್ಣಿನ ತುಂಡನ್ನು ಸುತ್ತ ಆಸರೆಯಿಲ್ಲದೆ ನಿಲ್ಲಿಸಿ, ಮೇಲಿಂದ ಒತ್ತಿ ಅಳೆದ ಬಲ) 36 ಕಿಲೋಪಾಸ್ಕಲ್ ಬಂದಿದೆ, ನಾಲ್ಕೂವರೆ ಮೀಟರಿನದಕ್ಕೆ 110. ಡೈರೆಕ್ಟ್ ಶಿಯರಿನಲ್ಲಿ (ಪೆಟ್ಟಿಗೆಯಲ್ಲಿಟ್ಟ ಮಣ್ಣನ್ನು ಅಡ್ಡಕ್ಕೆ ತಳ್ಳಿ ಜಾರಿಸುವ ಪರೀಕ್ಷೆ) ಕೊಹಿಶನ್, ಅಂದರೆ ಕಣಗಳ ಅಂಟು, 12; ಘರ್ಷಣೆಯ ಕೋನ 14 ಡಿಗ್ರಿ. ಕೊನೆಯಲ್ಲಿ ಚದರ ಮೀಟರಿಗೆ 10 ಟನ್ ಎಸ್‌ಬಿಸಿ (ನೆಲ ಸುರಕ್ಷಿತವಾಗಿ ಹೊರಬಲ್ಲ ಭಾರ) ಎಂದು ಬರೆದಿದ್ದಾರೆ. ಒಂದೇ ಮಣ್ಣಿಗೆ ಇಷ್ಟು ಬೇರೆ ಬೇರೆ ಬಲ ಹೇಗೆ? 10 ಟನ್ ನಂಬಬಹುದೇ? ರಿಪೋರ್ಟಿನ ಪ್ರತಿ ಲಗತ್ತಿಸಿದ್ದೇನೆ.

ಉತ್ತರ: 10 ಟನ್ ನಂಬಿ ಪಾಯ ಅಗೆಸಬೇಡಿ. ಬೇಡ ಎನ್ನಲು ಕಾರಣ ನಿಮ್ಮ ರಿಪೋರ್ಟಿನೊಳಗೇ ಇದೆ. ಲ್ಯಾಬಿನವರು ಬಲದ ಪರೀಕ್ಷೆಯ ಜೊತೆಗೆ ತೇವಾಂಶ, ಸಾಂದ್ರತೆ, ಲಿಕ್ವಿಡ್ ಲಿಮಿಟ್ (ಮಣ್ಣು ಹರಿಯತೊಡಗುವ ತೇವಾಂಶ), ಪ್ಲಾಸ್ಟಿಕ್ ಲಿಮಿಟ್ (ಪುಡಿಯಾಗದೆ ನಾದಲು ಬರುವ ಅತಿ ಕಡಿಮೆ ತೇವಾಂಶ) ಎಲ್ಲವನ್ನೂ ನೋಡಿ ಹಿಂದಿನ ಪುಟದಲ್ಲಿ ಕೋಷ್ಟಕ ಹಾಕಿದ್ದಾರೆ. ಆ ಕೋಷ್ಟಕವನ್ನು ಬಲದ ಅಂಕಿಗಳ ಪಕ್ಕ ಇಟ್ಟು ಯಾರೂ ಓದಿದ ಹಾಗೆ ಕಾಣುವುದಿಲ್ಲ. ಮೆತ್ತನೆಯ ಜೇಡಿಯ ವಿಷಯದಲ್ಲಿ ಬಲದ ಪರೀಕ್ಷೆ ಹೇಳಿದ್ದನ್ನು ಹಾಗೇ ಒಪ್ಪುವಂತಿಲ್ಲ. ಆ ಮಣ್ಣಿನ ತೇವಾಂಶ ಒಂದು ಸಾಕ್ಷಿ, ಅದರ ಮೇಲೆ ಕೂತಿರುವ ಭಾರ ಇನ್ನೊಂದು. ಮೂರೂ ಹೊಂದಿದರೆ ಅಂಕಿ ಬಳಸಬಹುದು. ಹೊಂದದಿದ್ದರೆ ಎಲ್ಲೋ ಎಡವಟ್ಟಾಗಿದೆ ಎಂದೇ ಅರ್ಥ.

10 ಟನ್ ಹೇಗೆ ಬಂತು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಯುಸಿಎಸ್‌ನ ಅರ್ಧ ಶಿಯರ್ ಬಲ (ಮಣ್ಣು ಜಾರದಂತೆ ತಡೆಯುವ ಬಲ). ಅಂದರೆ 18 ಮತ್ತು 55. ಸರಾಸರಿ 36 ಚಿಲ್ಲರೆ. ಚೌಕ ಪಾಯಕ್ಕೆ ಅದನ್ನು ಆರು ಚಿಲ್ಲರೆಯಿಂದ ಗುಣಿಸಿ, ಸುರಕ್ಷತೆಗೆಂದು ಎರಡೂವರೆಯಿಂದ ಭಾಗಿಸಿದರೆ 90 ಕಿಲೋಪಾಸ್ಕಲ್. 10 ಕಿಲೋಪಾಸ್ಕಲ್ ಅಂದರೆ ಹೆಚ್ಚುಕಡಿಮೆ ಚದರ ಮೀಟರಿಗೆ 1 ಟನ್, ಹಾಗಾಗಿ 9 ಟನ್. ಪಾಯದ ಆಳಕ್ಕೆಂದು ಸ್ವಲ್ಪ ಸೇರಿಸಿದರೆ 10. ಗಣಿತದಲ್ಲಿ ತಪ್ಪಿಲ್ಲ. 18ನ್ನೂ 55ನ್ನೂ ಕೂಡಿಸಿ ಎರಡರಿಂದ ಭಾಗಿಸಿದ್ದೇ ತಪ್ಪು. ಒಂದು ಅಂಕಿ ಇನ್ನೊಂದರ ಮೂರುಪಟ್ಟಿದ್ದಾಗ ಕೇಳಬೇಕಾದದ್ದು ಯಾಕೆ ಎಂದು, ಸರಾಸರಿ ಎಷ್ಟು ಎಂದಲ್ಲ.

ಬೆಂಗಳೂರಿನಲ್ಲಿ ಈ ಪ್ರಶ್ನೆ ಏಳದಿರುವುದಕ್ಕೂ ಒಂದು ಹಿನ್ನೆಲೆಯಿದೆ. ಇದು ಕೆಂಪು ಮಣ್ಣಿನ ಊರು. ನೈಸ್ ಬಂಡೆ ಕೊಳೆತು ಆದ ಮರಳುಮಿಶ್ರಿತ ಜೇಡಿ, ಅದರ ಕೆಳಗೆ ಕೊಳೆತ ಕಲ್ಲು, ಆಮೇಲೆ ಬಂಡೆ. ಅಂಥ ನೆಲದಲ್ಲಿ ಪಾಯ ಕೈಕೊಡುವುದು ಅಪರೂಪ, ಮೇಸ್ತ್ರಿಯಿಂದ ಹಿಡಿದು ಎಂಜಿನಿಯರ್‌ವರೆಗೆ ಎಲ್ಲರ ಅಂದಾಜೂ ಆ ನೆಲದಲ್ಲಿ ಪಳಗಿದ್ದು. ಆದರೆ ಇದು ಕೆರೆಗಳ ಊರೂ ಹೌದು. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಲ್ಲಿ. ಕೆರೆಯಂಗಳದ ಹೂಳು ಕೆಂಪು ಮಣ್ಣಿನ ನೆಂಟನೇ ಅಲ್ಲ. ನೀರಿನಲ್ಲಿ ತೇಲಿಬಂದ ನುಣ್ಣನೆಯ ಕಣಗಳು ನಿಧಾನವಾಗಿ ಕೂತು, ಕೊಳೆತ ಬೇರು ಎಲೆಗಳೊಡನೆ ಬೆರೆತು ಆದದ್ದು. (ಸೈಟು ಕೆರೆಯ ಬಫರ್ ವಲಯದೊಳಗೆ ಬರುತ್ತದೆಯೇ ಎಂಬುದನ್ನು ವಕೀಲರ ಹತ್ತಿರ ಖಚಿತಪಡಿಸಿಕೊಳ್ಳಿ. ಅದು ನನ್ನ ವಿಷಯವಲ್ಲ, ಆದರೆ ಮೊದಲು ಆಗಬೇಕಾದ ಕೆಲಸ.)

ಈಗ ನಿಮ್ಮ ಮೊದಲ ಪ್ರಶ್ನೆ. ಜೇಡಿಯ ಬಲ ಅದರ ತೂಕದ ಹಾಗೆ ಒಂದೇ ಕಡೆ ನಿಂತಿರುವ ಗುಣವಲ್ಲ. ಕಣಗಳ ನಡುವೆ ನೀರು ತುಂಬಿಕೊಂಡಿರುತ್ತದೆ. ಭಾರ ಬಿದ್ದ ತಕ್ಷಣ ಆ ನೀರಿಗೆ ಹೊರಗೆ ಹೋಗಲು ಪುರಸೊತ್ತಿರುವುದಿಲ್ಲ, ಭಾರವನ್ನು ನೀರೇ ಹೊರುತ್ತದೆ. ನೀರಿಗೆ ಶಿಯರ್ ತಡೆಯುವ ಶಕ್ತಿಯಿಲ್ಲ. ಹಾಗಾಗಿ ಆ ಹೊತ್ತಿಗೆ ಸಿಗುವುದು ಈಗಾಗಲೇ ಇರುವ ಬಲ ಅಷ್ಟೇ, ಮೇಲೆ ಎಷ್ಟು ಒತ್ತಿದರೂ ಅದು ಹೆಚ್ಚುವುದಿಲ್ಲ. ಅನ್‌ಡ್ರೇನ್ಡ್ ಬಲ ಎನ್ನುವುದು ಇದಕ್ಕೇ. ವರ್ಷಗಳು ಕಳೆದು ನೀರು ಹೊರಹೋದ ಮೇಲೆ ಮಣ್ಣು ಕುಸಿದು ಗಟ್ಟಿಯಾಗುತ್ತದೆ, ಬಲ ಏರುತ್ತದೆ. ಮನೆಗೆ ಅಪಾಯದ ಗಳಿಗೆ ಮೊದಲನೆಯದು. ರಾಗಿ ಹಿಟ್ಟಿಗೆ ಎರಡು ಲೋಟ ನೀರು ಹೆಚ್ಚಾದರೆ ಮುದ್ದೆಯಾಗಬೇಕಾದದ್ದು ಅಂಬಲಿಯಾಗುತ್ತದಲ್ಲ, ಜೇಡಿಯ ಬಲವೂ ತೇವಾಂಶಕ್ಕೆ ಅಷ್ಟೇ ಬಿಗಿಯಾಗಿ ಗಂಟುಬಿದ್ದಿದೆ. 1978ರಲ್ಲಿ ರಾಥ್ ಮತ್ತು ವುಡ್ ಎಂಬ ಮಣ್ಣುತಜ್ಞರು ಇದಕ್ಕೊಂದು ಸರಳ ಲೆಕ್ಕ ಕೊಟ್ಟರು: ಕಲಸಿದ ಜೇಡಿಯ ಬಲ ಲಿಕ್ವಿಡ್ ಲಿಮಿಟ್‌ನಲ್ಲಿ ಸುಮಾರು 1.7 ಕಿಲೋಪಾಸ್ಕಲ್, ಪ್ಲಾಸ್ಟಿಕ್ ಲಿಮಿಟ್‌ನಲ್ಲಿ ಅದರ ನೂರುಪಟ್ಟು, 170. ತೇವಾಂಶ ಎರಡರ ನಟ್ಟನಡುವೆ ಇದ್ದರೆ 17.

3 ಮೀಟರಿನ ಸ್ಯಾಂಪಲ್ಲನ್ನು ಇದಕ್ಕೆ ಹಚ್ಚೋಣ. ಲಿಕ್ವಿಡ್ ಲಿಮಿಟ್ 62, ಪ್ಲಾಸ್ಟಿಕ್ ಲಿಮಿಟ್ 26, ತೇವಾಂಶ ಶೇ 52. ಪ್ಲಾಸ್ಟಿಕ್ ಲಿಮಿಟ್‌ನಿಂದ ಲಿಕ್ವಿಡ್ ಲಿಮಿಟ್‌ನ ಕಡೆಗೆ ಶೇ 72ರಷ್ಟು ದಾರಿ ಸವೆದಿದೆ. ರಾಥ್-ವುಡ್ ಲೆಕ್ಕದಲ್ಲಿ ಕಲಸಿದ ಮಣ್ಣಿನ ಬಲ ಸುಮಾರು 6. ನಿಮ್ಮ ಲ್ಯಾಬಿನವರು ಅದೇ ಮಣ್ಣನ್ನು ಕಲಸಿ ಮತ್ತೆ ಯುಸಿಎಸ್ ಮಾಡಿದ್ದಾರೆ, ಒಳ್ಳೆಯ ಕೆಲಸ; 12 ಬಂದಿದೆ, ಅಂದರೆ ಶಿಯರ್ ಬಲ 6. ಕೆಡದ ಸ್ಯಾಂಪಲ್ಲಿಗೆ 18, ಕಲಸಿದ್ದಕ್ಕೆ 6, ಮೂರುಪಟ್ಟು ವ್ಯತ್ಯಾಸ. ಹೂಳಿನಂಥ ಜೇಡಿಗೆ ಇದು ಸಹಜ. ಈ 18ನ್ನು ನಾನು ನಂಬುತ್ತೇನೆ.

ಸಂಶಯ ನಾಲ್ಕೂವರೆ ಮೀಟರಿನದರ ಮೇಲೆ. ಯುಸಿಎಸ್ ಮಾಡಿದ ತುಂಡಿನ ತೇವಾಂಶ ಶೇ 38 ಎಂದಿದೆ. ಅದೇ ಆಳದಲ್ಲಿ ಎಸ್‌ಪಿಟಿ (ಸುತ್ತಿಗೆಯಿಂದ ಕೊಳವೆ ಹೊಡೆದು ನೆಲದ ಗಟ್ಟಿತನ ನೋಡುವ ಪರೀಕ್ಷೆ) ಹೊಡೆದಾಗ ಡಬ್ಬಿಗೆ ಹಾಕಿದ ಮಣ್ಣಿನದು ಶೇ 54. ಒಂದೇ ಗುಂಡಿಯ ಒಂದೇ ಆಳದ ಮಣ್ಣು, ನಡುವೆ 16 ಅಂಕ ಎಲ್ಲಿ ಹೋಯಿತು? ಸಾಂದ್ರತೆ ನೋಡಿದರೆ ಗುಟ್ಟು ರಟ್ಟಾಗುತ್ತದೆ. ಆ ತುಂಡಿನ ಸಾಂದ್ರತೆ ಘನ ಸೆಂಟಿಮೀಟರಿಗೆ 1.70 ಗ್ರಾಂ. 1.38ರಿಂದ ಭಾಗಿಸಿದರೆ ಒಣ ಸಾಂದ್ರತೆ 1.23. ಸ್ಪೆಸಿಫಿಕ್ ಗ್ರಾವಿಟಿ (ಕಣಗಳು ನೀರಿನ ಎಷ್ಟುಪಟ್ಟು ತೂಕ) 2.70 ಕೊಟ್ಟಿದ್ದಾರೆ, ಅದನ್ನು 1.23ರಿಂದ ಭಾಗಿಸಿ 1 ಕಳೆದರೆ ವಾಯ್ಡ್ ರೇಶಿಯೋ (ಕಣಗಳಿಗೆ ಹೋಲಿಸಿದರೆ ನಡುವಿನ ಜಾಗ ಎಷ್ಟು) 1.19. ಇನ್ನು 0.38ನ್ನು 2.70ರಿಂದ ಗುಣಿಸಿ 1.19ರಿಂದ ಭಾಗಿಸಿ: 0.86. ಅಂದರೆ ಕಣಗಳ ನಡುವಿನ ಜಾಗದಲ್ಲಿ ನೀರು ಶೇ 86 ಮಾತ್ರ, ಉಳಿದದ್ದು ಗಾಳಿ. ನೀರಿನ ಮಟ್ಟ ಇರುವುದು 2 ಮೀಟರಿನಲ್ಲಿ, ಈ ಮಣ್ಣು ಅದಕ್ಕಿಂತ ಎರಡೂವರೆ ಮೀಟರ್ ಕೆಳಗೆ ಮುಳುಗಿತ್ತು. ಅಲ್ಲಿ ಶೇ 100ರ ಹತ್ತಿರ ಇರಬೇಕು. ಗಾಳಿ ಹೊಕ್ಕಿದ್ದು ಮೇಲೆ ಬಂದ ಮೇಲೆ. ಟ್ಯೂಬಿನ ಬಾಯಿಗೆ ಮೇಣ ಸರಿಯಾಗಿ ಬಳಿಯದೆ ದಿನಗಟ್ಟಲೆ ಶೆಡ್ಡಿನಲ್ಲಿ ಇಟ್ಟರೆ, ಅಥವಾ ತುಂಡು ಕತ್ತರಿಸಿ ಮೇಜಿನ ಮೇಲೆ ಬಿಟ್ಟರೆ, ಹೀಗೇ ಆಗುವುದು. ಒಣಗುವ ಜೇಡಿಯಲ್ಲಿ ಉಳಿದ ನೀರು ಕಣಗಳನ್ನು ಒಂದಕ್ಕೊಂದು ಎಳೆದು ಹಿಡಿಯುತ್ತದೆ, ಬಲ ಸುಮ್ಮನೆ ಏರುತ್ತದೆ. 110 ಎಂಬುದು ಲ್ಯಾಬಿನಲ್ಲಿ ಒಣಗಿದ ಮಣ್ಣಿನ ಬಲ, ನಿಮ್ಮ ಸೈಟಿನ ಮಣ್ಣಿನದಲ್ಲ.

ಹಾಗಾದರೆ ಅಲ್ಲಿನ ನಿಜವಾದ ಬಲ ಎಷ್ಟು? ಲಿಕ್ವಿಡ್ ಲಿಮಿಟ್ 60, ಪ್ಲಾಸ್ಟಿಕ್ ಲಿಮಿಟ್ 25, ತೇವಾಂಶ 54 ಎಂದು ಹಿಡಿದರೆ ಕಲಸಿದ ಬಲ 4ರ ಸುತ್ತ. ಮೇಲಿನ ಸ್ಯಾಂಪಲ್ಲಿನ ಹಾಗೆ ಮೂರುಪಟ್ಟು ಮಾಡಿದರೆ 11 ಅಥವಾ 12. ಇನ್ನೊಂದು ಸಾಕ್ಷಿಯನ್ನೂ ಕರೆಯೋಣ. ಮೇಲಿನ ಭಾರ: 2 ಮೀಟರ್ ಫಿಲ್ಲಿಂಗ್ 36 ಕಿಲೋಪಾಸ್ಕಲ್, ಕೆಳಗಿನ ಎರಡೂವರೆ ಮೀಟರ್ ಜೇಡಿ ನೀರಿನ ತೇಲಿಕೆ ಕಳೆದು 17, ಒಟ್ಟು 53. ಹಿಂದೆಂದೂ ಇದಕ್ಕಿಂತ ಹೆಚ್ಚು ಭಾರ ಕಾಣದ ಜೇಡಿಯ ಬಲ ಆ ಭಾರದ ಸುಮಾರು 0.22 ಪಾಲು ಎಂದು 1975ರಲ್ಲಿ ಮೆಸ್ರಿ ತೋರಿಸಿದರು. ಹಾಗೆ 12 ಬರುತ್ತದೆ. ಅದಕ್ಕಿಂತ ಹಳೆಯದಾದ ಸ್ಕೆಂಪ್ಟನ್ ಅವರ ಸೂತ್ರ ಪ್ಲಾಸ್ಟಿಸಿಟಿ ಇಂಡೆಕ್ಸನ್ನೂ (ಎರಡು ಲಿಮಿಟ್‌ಗಳ ವ್ಯತ್ಯಾಸ) ಸೇರಿಸಿಕೊಳ್ಳುತ್ತದೆ: ಇಂಡೆಕ್ಸನ್ನು 0.0037ರಿಂದ ಗುಣಿಸಿ 0.11 ಕೂಡಿಸಿ. ನಿಮ್ಮ 35ಕ್ಕೆ 0.24, ಬಲ 13. ಎರಡು ದಾರಿಯಿಂದ ಹೋದರೂ 12ರ ಅಕ್ಕಪಕ್ಕವೇ ತಲುಪುತ್ತೇವೆ. ರಿಪೋರ್ಟಿನ 55 ಎಲ್ಲಿ, ಈ 12 ಎಲ್ಲಿ!

3 ಮೀಟರಿನಲ್ಲಿ ಇದೇ ಲೆಕ್ಕ 10ರ ಹತ್ತಿರ ಬರುತ್ತದೆ, ಅಳೆದದ್ದು 18. ಅಲ್ಲಿ ಹೆಚ್ಚಿದ್ದಕ್ಕೆ ಒಪ್ಪುವಂಥ ಕಾರಣವಿದೆ. ಕೆರೆಯಂಗಳದ ಮೇಲ್ಪದರ ಬೇಸಿಗೆ ಬೇಸಿಗೆಗೂ ಒಣಗಿ ಬಿರುಕುಬಿಟ್ಟು ಗಟ್ಟಿಯಾಗಿರುತ್ತದೆ, ಆ ನೆನಪು ಮಣ್ಣಿನಲ್ಲಿ ಉಳಿದಿರುತ್ತದೆ. ಆದರೆ ಆ ಹೊಪ್ಪಳಿಕೆ ತೆಳು. ಕೆಳಗಿಳಿದಂತೆ ಬಲ ಏರುತ್ತದೆ ಎಂದು ಭಾವಿಸುವವರಿಗೆ ಕೆರೆಮಣ್ಣು ಇಲ್ಲಿ ಉಲ್ಟಾ ಹೊಡೆಯುತ್ತದೆ. ಮೇಲೆ ಗಟ್ಟಿ, ನಡುವೆ ಅತಿ ಮೆತ್ತಗೆ.

ನೀವು ಬರೆಯದೆ ಬಿಟ್ಟ ಒಂದು ಸಂಗತಿ ಇಲ್ಲಿ ಬಹಳ ಮುಖ್ಯ: ಫಿಲ್ಲಿಂಗ್ ಹಾಕಿ ಎಷ್ಟು ವರ್ಷವಾಯಿತು? ಆ 0.22ರ ಲೆಕ್ಕ ಫಿಲ್ಲಿಂಗಿನ ಭಾರವನ್ನು ಜೇಡಿಯ ಕಣಗಳು ಆಗಲೇ ಹೊತ್ತುಕೊಂಡಿವೆ ಎಂದು ಊಹಿಸುತ್ತದೆ. 4 ಮೀಟರ್ ದಪ್ಪದ ಪದರದಿಂದ ನೀರು ಮೇಲಕ್ಕೂ ಕೆಳಕ್ಕೂ ಹೋಗಬಹುದು ಎಂದಿಟ್ಟುಕೊಂಡು, ಕನ್ಸಾಲಿಡೇಶನ್ ಗುಣಾಂಕ (ನೀರು ಹೊರಹೋಗಿ ಮಣ್ಣು ಒತ್ತಿಕೊಳ್ಳುವ ವೇಗ) ವರ್ಷಕ್ಕೆ 1 ಚದರ ಮೀಟರ್ ಎಂದು ಹಿಡಿದರೆ, ಶೇ 90 ಮುಗಿಯಲು ಮೂರೂವರೆ ವರ್ಷ ಬೇಕು. ಗುಣಾಂಕ ಅದರ ಅರ್ಧವಾದರೆ ಏಳು ವರ್ಷ. ಲೇಔಟಿನವರು ಹೋದ ವರ್ಷ ಲಾರಿಗಟ್ಟಲೆ ಮಣ್ಣು, ಕಟ್ಟಡ ಒಡೆದ ರಬ್ಬಿಶ್ ಸುರಿದಿದ್ದರೆ, ಪದರದ ನಡುಭಾಗಕ್ಕೆ ಆ ಭಾರದ ಸುದ್ದಿ ಇನ್ನೂ ಪೂರ್ತಿ ಮುಟ್ಟಿಲ್ಲ. ಹಾಗಿದ್ದರೆ ಬಲ 12ಕ್ಕಿಂತ ಕೆಳಗೇ, ಕೆಟ್ಟ ಪಕ್ಷಕ್ಕೆ 4 ಇದ್ದರೂ ಇರಬಹುದು. ಅಕ್ಕಪಕ್ಕದ ಸೈಟಿನವರನ್ನು, ಹಳೆಯ ಊರವರನ್ನು ಕೇಳಿ ತುಂಬಿದ ವರ್ಷ ಗೊತ್ತುಮಾಡಿಕೊಳ್ಳಿ. ಆ ಒಂದು ಮಾಹಿತಿ ಎರಡು ಲ್ಯಾಬ್ ಪರೀಕ್ಷೆಗೆ ಸಮ.

ಡೈರೆಕ್ಟ್ ಶಿಯರ್‌ನ 12 ಮತ್ತು 14 ಡಿಗ್ರಿಯನ್ನು ಬದಿಗಿಡಿ. ಆ ಪೆಟ್ಟಿಗೆಯಲ್ಲಿ ನೀರು ಹೊರಹೋಗದಂತೆ ತಡೆಯಲು ದಾರಿಯಿಲ್ಲ, ಪೂರ್ತಿ ಹೊರಹೋಗಲಿ ಎಂದರೆ ದಿನಗಟ್ಟಲೆ ನಿಧಾನವಾಗಿ ತಳ್ಳಬೇಕು. ಮಾಮೂಲಿ ವೇಗದಲ್ಲಿ ಓಡಿಸಿದರೆ ಸಿಗುವುದು ಅತ್ತಲೂ ಅಲ್ಲ ಇತ್ತಲೂ ಅಲ್ಲ. ಮರಳಿಗೆ ಅದು ಒಳ್ಳೆಯ ಪರೀಕ್ಷೆ, ಈ ಜೇಡಿಗೆ ಅಲ್ಲ.

ಸ್ಯಾಂಪಲ್ ತೆಗೆದದ್ದು ಯಾವುದರಲ್ಲಿ ಎಂದೂ ಕೇಳಿ. ಎಸ್‌ಪಿಟಿಯ ಕೊಳವೆ, ಸ್ಪ್ಲಿಟ್ ಸ್ಪೂನ್‌ನ ಹೊರವ್ಯಾಸ 50.8 ಮಿಲಿಮೀಟರ್, ಒಳವ್ಯಾಸ 35. ಒಳಗೆ ಹೋಗುವ ಮಣ್ಣಿಗಿಂತ ಜಾಗ ಬಿಡಿಸಿಕೊಳ್ಳುವ ಉಕ್ಕೇ ಹೆಚ್ಚು. ಏರಿಯಾ ರೇಶಿಯೋ ಶೇ 110. ಮೆತ್ತನೆ ಜೇಡಿಗೆ ಅದು 10ರ ಸುತ್ತ ಇರಬೇಕು. ತೆಳು ಗೋಡೆಯ ಟ್ಯೂಬನ್ನು ಸುತ್ತಿಗೆಯಲ್ಲಿ ಹೊಡೆಯದೆ, ಒಂದೇ ಸಮನೆ ಒತ್ತಿ ಇಳಿಸಬೇಕು. ಸ್ಪೂನಿನ ಮಣ್ಣನ್ನು ಅಚ್ಚಿಗೆ ತುಂಬಿ, ಕುಟ್ಟಿ, 38 ಮಿಲಿಮೀಟರ್ ತುಂಡು ಮಾಡಿ ಯುಸಿಎಸ್ ಎಂದು ಬರೆಯುವ ಚಾಳಿ ಕೆಲವು ಕಡೆ ಇದೆ. ಕಂಡುಹಿಡಿಯುವುದು ಸುಲಭ: ಸ್ಟ್ರೆಸ್-ಸ್ಟ್ರೇನ್ ಗ್ರಾಫ್ (ಒತ್ತಿದಂತೆ ಎಷ್ಟು ಕುಗ್ಗಿತು ಎಂಬುದರದ್ದು) ಕೇಳಿ. ಚೆನ್ನಾಗಿ ತೆಗೆದ ತುಂಡು ಕೆಲವೇ ಶೇಕಡಾ ಕುಗ್ಗುವಷ್ಟರಲ್ಲಿ ತನ್ನ ಶಿಖರ ಮುಟ್ಟಿ ಇಳಿಯುತ್ತದೆ. ಕೆಟ್ಟದ್ದು ಶಿಖರವೇ ಇಲ್ಲದೆ ಹೊಟ್ಟೆ ಉಬ್ಬಿಸಿಕೊಂಡು ಶೇ 15, 20ರವರೆಗೆ ತೆವಳುತ್ತದೆ. ಹೊಟ್ಟೆ ಉಬ್ಬಿದಾಗ ಅಡ್ಡಕೊಯ್ತದ ವಿಸ್ತೀರ್ಣವೂ ಹೆಚ್ಚುತ್ತದೆ, ಅದನ್ನು ಲೆಕ್ಕಕ್ಕೆ ತಂದಿದ್ದಾರೆಯೇ ನೋಡಿ. ಶೇ 12 ಕುಗ್ಗಿದಾಗ 40 ನ್ಯೂಟನ್ ಭಾರ ಇದ್ದರೆ, ಮೂಲ ವಿಸ್ತೀರ್ಣ ಹಿಡಿದವರಿಗೆ 35 ಬರುತ್ತದೆ, ಸರಿಪಡಿಸಿದವರಿಗೆ 31.

ಇಷ್ಟೆಲ್ಲ ಲೆಕ್ಕ ಬೇಡ ಎನ್ನುವವರಿಗೆ ಹೆಬ್ಬೆರಳಿದೆ. ಟ್ಯೂಬಿನಿಂದ ತಳ್ಳಿದ ತಕ್ಷಣ, ಹಸಿಯಿರುವಾಗಲೇ ನೀವೂ ಲ್ಯಾಬಿನಲ್ಲಿ ನಿಂತು ನೋಡಿ. ಬೂದುಗಪ್ಪು ಬಣ್ಣ, ಕೊಳೆತ ಮೊಟ್ಟೆಯ ವಾಸನೆ, ಅಲ್ಲಲ್ಲಿ ಬೇರಿನ ಎಳೆ. ಟ್ಯೂಬಿಗೆ ಉಜ್ಜಿದ ಅಂಚು ಲೇಪದ ಹಾಗೆ ಮಿರುಗುತ್ತಿರುತ್ತದೆ, ಆ ಭಾಗವನ್ನು ಕೆತ್ತಿ ಒಳಗಿನದನ್ನು ಮಾತ್ರ ಪರೀಕ್ಷೆಗೆ ಇಡಬೇಕು. ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಿಂದ ಜಿನುಗಿ ಬಂದರೆ ಶಿಯರ್ ಬಲ 12 ದಾಟುವುದಿಲ್ಲ. ಸುಲಭವಾಗಿ ಉಂಡೆ ಕಟ್ಟಲು ಬಂದರೆ 12ರಿಂದ 25. ಕೈಗೆ ಹೀಗೆ ಸಿಗುವ ಮಣ್ಣಿಗೆ ಕಾಗದದಲ್ಲಿ 55 ಎಂದು ಬರೆದಿದ್ದರೆ ಅಲ್ಲೇ ಕೇಳಿ.

ಮತ್ತೆ ಏನು ಮಾಡಿಸಬೇಕು? ಇನ್ನೊಂದು ಬೋರ್ ಹೊಡೆಸಿ, 3, 4 ಮತ್ತು 5 ಮೀಟರಿನಲ್ಲಿ ತೆಳು ಟ್ಯೂಬ್. ಎರಡೂ ತುದಿಗೆ ಮೇಣ, ನೆರಳಿನಲ್ಲಿ ನಿಲ್ಲಿಸಿ ಸಾಗಣೆ, ಆದಷ್ಟು ಬೇಗ ಪರೀಕ್ಷೆ. ಮಣ್ಣನ್ನು ಹೊರಗೆ ತಳ್ಳುವ ಮೊದಲೇ ಟ್ಯೂಬಿನ ಬಾಯಿಯಲ್ಲಿ ಲ್ಯಾಬ್ ವೇನ್ (ಮಣ್ಣಿಗೆ ಚುಚ್ಚಿ ತಿರುಗಿಸಿ ಬಲ ಅಳೆಯುವ ರೆಕ್ಕೆಗಳ ಉಪಕರಣ) ತಿರುಗಿಸಲು ಹೇಳಿ. ಅದರ ವಿಧಾನ ಭಾರತೀಯ ಮಾನಕ ಐಎಸ್ 2720ರ 30ನೇ ಭಾಗದಲ್ಲಿದೆ. ನಿಲ್ಲಿಸಿದರೆ ತನ್ನ ಭಾರಕ್ಕೇ ಬಾಗುವಂಥ ಮಣ್ಣಿಗೆ ಯುಸಿಎಸ್‌ಗಿಂತ ಅದು ಎಷ್ಟೋ ವಾಸಿ. ಜೊತೆಗೆ ಟ್ರಯಾಕ್ಸಿಯಲ್‌ನಲ್ಲಿ (ಸುತ್ತಲಿಂದಲೂ ಒತ್ತಡ ಕೊಟ್ಟು ಮೇಲಿಂದ ಒತ್ತುವ ಯಂತ್ರ) ಯುಯು, ಅಂದರೆ ನೀರು ಹೊರಬಿಡದೆ ಮಾಡುವ ಪರೀಕ್ಷೆ, ಅದೇ ಐಎಸ್‌ನ 11ನೇ ಭಾಗ. ಮೂರು ತುಂಡುಗಳಿಗೆ ಸುತ್ತಲಿನ ಒತ್ತಡ ಬೇರೆ ಬೇರೆ ಕೊಟ್ಟರೂ ಬಲ ಒಂದೇ ಬರಬೇಕು. ಒತ್ತಡದೊಡನೆ ಬಲವೂ ಏರಿ ಗ್ರಾಫಿನಲ್ಲಿ ಕೋನ ಮೂಡಿದರೆ ಮತ್ತೆ ಗಾಳಿ ಹೊಕ್ಕಿದೆ ಎಂದರ್ಥ. ನಾನಾಗಿದ್ದರೆ ಇವುಗಳಿಗಿಂತ ಮೊದಲು ಕನ್ಸಾಲಿಡೇಶನ್ ಪರೀಕ್ಷೆಗೆ ದುಡ್ಡು ಹಾಕುತ್ತೇನೆ. ಮಣ್ಣು ಹಿಂದೆ ಎಷ್ಟು ಭಾರ ಕಂಡಿದೆ, ಫಿಲ್ಲಿಂಗಿನ ಭಾರ ಇಳಿದಿದೆಯೇ, ಮನೆ ಎಷ್ಟು ಕುಸಿಯುತ್ತದೆ, ಮೂರಕ್ಕೂ ಅದರಲ್ಲಿ ಉತ್ತರವಿದೆ.

ಬೋರಿನಲ್ಲೇ ಫೀಲ್ಡ್ ವೇನ್ ಮಾಡುವವರು ಸಿಕ್ಕರೆ ಇನ್ನೂ ಒಳ್ಳೆಯದು, ಸ್ಯಾಂಪಲ್ ಕೆಡುವ ರಗಳೆಯೇ ಇಲ್ಲ. ಆದರೆ ಬಂದ ಅಂಕಿಯನ್ನು ತಗ್ಗಿಸಿಕೊಳ್ಳಬೇಕು. ವೇನ್ ಅಳತೆಯಂತೆ ನಿಲ್ಲಬೇಕಾಗಿದ್ದ ಏರಿಗಳು ಕುಸಿದದ್ದನ್ನು ಕಲೆಹಾಕಿ 1972ರಲ್ಲಿ ಬ್ಯೆರುಮ್ ಒಂದು ತಿದ್ದುಪಡಿ ಕೊಟ್ಟರು. ನಿಮ್ಮ ಮಣ್ಣಿನ ಪ್ಲಾಸ್ಟಿಸಿಟಿಗೆ ಅದು ಸುಮಾರು 0.85.

ಲಿಕ್ವಿಡ್ ಲಿಮಿಟ್‌ಗೆ ಮಣ್ಣನ್ನು ಓವನ್‌ನಲ್ಲಿ ಒಣಗಿಸಕೂಡದು ಎಂದೂ ಬರೆದುಕೊಡಿ. ಸಾವಯವ ಅಂಶವಿರುವ ಹೂಳನ್ನು ಬೇಯಿಸಿದರೆ ಲಿಮಿಟ್ ಗಣನೀಯವಾಗಿ ಇಳಿದುಹೋಗುತ್ತದೆ, ಆಗ ನಾನು ಮೇಲೆ ಮಾಡಿದ ಲೆಕ್ಕಗಳೆಲ್ಲ ಹಳಿ ತಪ್ಪುತ್ತವೆ. ಹಾಗೆಯೇ ರಾಥ್-ವುಡ್ ಸೂತ್ರವನ್ನು ವೇದವಾಕ್ಯ ಮಾಡಿಕೊಳ್ಳಬೇಡಿ. ಕಯೋಲಿನೈಟ್ ಎಂಬ ಖನಿಜದ ಜೇಡಿಯ ಲಿಕ್ವಿಡ್ ಲಿಮಿಟ್‌ನ ಹಿಂದಿರುವ ಕಾರಣ ಬೇರೆ, ಮಾಂಟ್‌ಮೊರಿಲೊನೈಟ್‌ನದು ಬೇರೆ ಎಂದು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಪ್ರೊ. ಎ. ಶ್ರೀಧರನ್ ಮತ್ತು ಸಂಗಡಿಗರು ತೋರಿಸಿಕೊಟ್ಟಿದ್ದಾರೆ. ಸೂತ್ರ ಸಾಕ್ಷಿ ಹೇಳಲಿ, ತೀರ್ಪು ಕೊಡುವುದು ಬೇಡ.

ಹೊಸ ಪರೀಕ್ಷೆ ಬರುವವರೆಗೆ 12 ಎಂದು ಹಿಡಿದರೆ ಪಾಯಕ್ಕೆ ಸಿಗುವುದು ಚದರ ಮೀಟರಿಗೆ ಎರಡೂವರೆಯಿಂದ 3 ಟನ್. ನಿಮ್ಮ ಮೂರು ಅಂತಸ್ತಿನ ಮನೆಯ ಭಾರವನ್ನು ಇಡೀ ನೆಲಕ್ಕೆ ರಾಫ್ಟ್ ಹಾಕಿ ಹರಡಿದರೂ ಅಂತಸ್ತಿಗೆ 1 ಟನ್ನಿನ ಮೇಲಾಗುತ್ತದೆ. ಆಗುವುದಿಲ್ಲ. ಇನ್ನು ಕುಸಿತ. ಜೇಡಿಯ ನಡುಭಾಗ ಹಿಂದೆ ಒಣಗಿ ಗಟ್ಟಿಯಾಗಿರದಿದ್ದರೆ, ಫಿಲ್ಲಿಂಗಿನ ಭಾರವೊಂದಕ್ಕೇ ನೆಲ ಒಂದಡಿಗಿಂತ ಹೆಚ್ಚು ಇಳಿಯಬಹುದು.

ಅದೃಷ್ಟಕ್ಕೆ 8 ಮೀಟರಿನಲ್ಲಿ ಗಟ್ಟಿ ನೆಲವಿದೆ. ಕೇಸಿಂಗ್ ಕೊಳವೆ ಇಳಿಸಿ ಬೋರ್ಡ್ ಪೈಲ್ (ಕೊರೆದ ಗುಂಡಿಗೆ ಕಾಂಕ್ರೀಟ್ ತುಂಬಿ ಮಾಡಿದ ಕಂಬ) ಹಾಕಿ ಕೊಳೆತ ಕಲ್ಲಿನೊಳಗೆ ಕೂರಿಸುವುದೇ ನೇರ ದಾರಿ. ಮೂರೂವರೆ ಮೀಟರಿನ ಅಂಡರ್‌ರೀಮ್ಡ್ ಪೈಲ್ (ತಳದ ಹತ್ತಿರ ಬಲ್ಬಿನಂತೆ ಉಬ್ಬಿಸಿದ್ದು) ಸಾಕು, ಅಗ್ಗ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಉಬ್ಬಿ ಕುಗ್ಗುವ ಎರೆಭೂಮಿಗೆ ಹೇಳಿಮಾಡಿಸಿದ್ದು; ನಿಮ್ಮಲ್ಲಿ ಅದರ ಬಲ್ಬು ಸರಿಯಾಗಿ ಅತಿ ಮೆತ್ತನೆಯ ಪದರದಲ್ಲೇ ಕೂರುತ್ತದೆ. ಇಳಿಯುತ್ತಿರುವ ಜೇಡಿ ಮತ್ತು ಫಿಲ್ಲಿಂಗ್ ಪೈಲನ್ನು ತಬ್ಬಿ ಕೆಳಗೆಳೆಯುತ್ತವೆ ಎಂಬುದನ್ನು ಡಿಸೈನ್ ಮಾಡುವವರಿಗೆ ನೆನಪಿಸಿ. 300 ಮಿಲಿಮೀಟರ್ ಪೈಲಿಗೆ ಈ ಹೊರೆ ಒಂದೊಂದಕ್ಕೆ ಸುಮಾರು 5 ಟನ್. ನೆಲ ಅಂತಸ್ತಿನ ಫ್ಲೋರಿಂಗನ್ನೂ ಫಿಲ್ಲಿಂಗಿನ ಮೇಲೆ ಬಿಡದೆ ಬೀಮುಗಳ ಮೇಲೆ ಸ್ಲಾಬ್ ಹಾಕಿಸಿ, ಇಲ್ಲದಿದ್ದರೆ ಮನೆ ನಿಂತು ನೆಲ ಮಾತ್ರ ಇಳಿಯುತ್ತದೆ.

ಒಂದು ಮಾತು ಸಂಪ್ ಬಗ್ಗೆ, ಯಾಕೆಂದರೆ ಬೆಂಗಳೂರಿನಲ್ಲಿ ಮೊದಲು ಅಗೆಯುವುದೇ ಅದನ್ನು. 3 ಮೀಟರ್ ಗುಂಡಿಯ ಪಕ್ಕದ ಮಣ್ಣು ಸುಮಾರು 52 ಕಿಲೋಪಾಸ್ಕಲ್ ಒತ್ತುತ್ತದೆ, ತಳದ ಜೇಡಿ ತಡೆಯಬಲ್ಲದ್ದು 60ರಿಂದ 70. ಅಂಚಿನ ಮೇಲಿನ ಲೆಕ್ಕ ಇದು, ಬಲ 12ಕ್ಕಿಂತ ಕಡಿಮೆಯಿದ್ದರೆ ತಳ ಉಬ್ಬಿ ಪಕ್ಕದವರ ಕಾಂಪೌಂಡ್ ವಾಲಬಹುದು. ಸಂಪನ್ನು ಒಂದೂವರೆ ಮೀಟರಿಗೆ ನಿಲ್ಲಿಸಿ ಅಗಲ ಹೆಚ್ಚಿಸಿ. ಆಳವೇ ಬೇಕಾದರೆ ಶೋರಿಂಗ್ (ಗುಂಡಿಯ ಪಕ್ಕಗಳಿಗೆ ಆಸರೆ) ಇಲ್ಲದೆ ಜೆಸಿಬಿಯನ್ನು ಸೈಟಿನೊಳಗೆ ಬಿಡಬೇಡಿ, ಮತ್ತು ನೀರಿನ ಮಟ್ಟ ಮೇಲೆ ಬರುವ ಮಳೆಗಾಲದಲ್ಲಿ ಖಾಲಿ ಸಂಪ್ ತೇಲದಷ್ಟು ತೂಕವನ್ನು ಅದರ ತಳಕ್ಕೆ ಕೊಡಿಸಿ.